ಉಪ್ಪು ತಿಂದ ಗೋಡೆ

ಮಾತೊಸಿನ್ಯೋಸಿನ ಬಂದರುಬೀದಿಯಲ್ಲಿ
ಮೂವತ್ತೊಂದು ವರ್ಷದಿಂದ ಬಾಗಿಲು ಜಡಿದಿದ್ದ
ಮೀನುಡಬ್ಬಿಯ ಕಾರ್ಖಾನೆ ಈಗ ಹೋಟೆಲಾಗಬೇಕು.
ಕೆಳಗೆ ಕಾಫಿ, ಮೇಲೆ ನಲವತ್ತು ಕೋಣೆ,
ತಾರಸಿಯಲ್ಲಿ ಈಜುಕೊಳ.
ಅಲ್ಲಿಂದ ಕಡಲು ಕಾಣುತ್ತದಂತೆ.
ಒಳಗೆ ದುಡಿದವರಿಗೆ ಅದು ಕಂಡಿರಲಿಲ್ಲ,
ಕಿಟಕಿಗಳನ್ನೆಲ್ಲ ಆಳೆತ್ತರಕ್ಕಿಂತ ಮೇಲೆ ಇಟ್ಟಿದ್ದರು.

ನಾನು ಗಾರೆಯವನು, ಎವರಿಸ್ತೊ.
ಗೋಡೆಗೆ ಕಿವಿಯಿದೆ ಅಂತಾರೆ. ಸುಳ್ಳು.
ಗೋಡೆಗಿರುವುದು ಬಾಯಿ. ಬರೀ ಬಾಯಿ.
ಅರವತ್ತು ವರ್ಷ ಉಪ್ಪುನೀರು ಎರಚಿಸಿಕೊಂಡದ್ದು,
ಉಪ್ಪು ತಿಂದಿದೆ, ನೀರು ಕುಡಿಯಲೇಬೇಕು.
ಮಂಜು ಬಿದ್ದ ಬೆಳಿಗ್ಗೆ ಅಂಗೈ ಒತ್ತಿ ನೋಡಿ,
ಜ್ವರ ಬಿಟ್ಟವರ ಬೆನ್ನಿನ ಹಾಗೆ ಬೆವೆತಿರುತ್ತದೆ.

ಆರ್ಕಿಟೆಕ್ಟ್ ಹುಡುಗಿ ಕೇಳಿದಳು:
ಸಿಮೆಂಟ್ ಮೆತ್ತಿ ಬಾಯಿ ಮುಚ್ಚಿಸಿದರೆ?
ಐದೇ ವರ್ಷ, ಎಂದೆ. ಆಮೇಲೆ ಸುಟ್ಟ ರೊಟ್ಟಿಯ ಹಾಗೆ
ಉಬ್ಬಿ, ಒಡೆದು, ಅತಿಥಿಗಳ ಹಾಸಿಗೆಗೆ ಬೀಳುತ್ತದೆ.
ಸುಣ್ಣವೇ ಆಗಬೇಕು. ಅರಳಿದ ಸುಣ್ಣ, ತೊಳೆದ ಮರಳು,
ಆರು ತಿಂಗಳು ತಾಳ್ಮೆ.
ತಾಳ್ಮೆಗೆ ಅವಳ ಕಾಗದದಲ್ಲಿ ಅಂಕಣ ಇರಲಿಲ್ಲ,
‘ಇತರೆ’ ಎಂಬಲ್ಲಿ ಬರೆದುಕೊಂಡಳು.

ಮೂರನೇ ವಾರ, ಉಪ್ಪಿನ ತೊಟ್ಟಿಗಳ ಹಿಂದೆ,
ಬಿಳಿ, ಬಿಳಿ, ಆಸ್ಪತ್ರೆಯ ಹಸಿರು, ಮತ್ತೆ ಬಿಳಿ,
ಯಾರೋ ಮರೆತು ಬಳಿದ ಒಂದು ಹಳದಿ,
ಎಲ್ಲ ಕೆರೆದಾಗ ಕೆಳಗೆ
ನೀಲಿ ಪೆನ್ಸಿಲಿನ ಗೀರುಗಳು.
ನಾಲ್ಕು ನಿಂತವು, ಒಂದು ಅಡ್ಡ. ನಾಲ್ಕು, ಅಡ್ಡ.
ಪಕ್ಕದಲ್ಲಿ ಹೆಸರು: ಕಸಿಲ್ದಾ. ಕುಂಟಿ ಒಲಿವಿಯಾ. ಜೆರ್ತ್ರೂದಿಸ್.
ಇನ್ನೊಂದು ಹೆಸರು ನನ್ನ ಉಳಿಯ ಬಾಯಿಗೆ ಹೋಗಿತ್ತು.
ಅದನ್ನು ಯಾರಿಗೂ ಹೇಳಲಿಲ್ಲ.

ಹಣ ಹಾಕಿದವರು ಬಂದು ಫೋಟೊ ತೆಗೆದರು.
ಇದೇ ನಮ್ಮ ಕಥೆ, ಎಂದರು.
ಗಾಜು ಹಾಕಿ, ದೀಪ ಬಿಡಿ,
ಕಾಫಿ ಕೌಂಟರ್ ಇದರ ಎದುರಿಗೇ ಬರಲಿ.

ಎದುರು ಓಣಿಯ ದಿಯೊಲಿಂದಾ, ಎಂಬತ್ತಾರು,
ಹೆಲ್ಮೆಟ್ ಬೇಡವೆಂದು ತಳ್ಳಿ ಒಳಬಂದಳು:
ಮೂವತ್ತು ಕಿಲೊ ಹೊತ್ತ ತಲೆ ಇದು,
ಇನ್ನೇನು ಬಿದ್ದೀತು ಇದರ ಮೇಲೆ?
ಕನ್ನಡಕ ಏರಿಸಿ, ತುಟಿಯಲ್ಲೇ ಎಣಿಸಿದಳು.
ಎರಡು ಸಲ.
ಕಸಿಲ್ದಾ ನನ್ನ ಚಿಕ್ಕಮ್ಮ, ಎಂದಳು.
ಅಕ್ಷರ ಬರುತ್ತಿರಲಿಲ್ಲ ಅವಳಿಗೆ, ಗೀರು ಬರುತ್ತಿತ್ತು.
ಗೀರು ಅವಳದು, ಅಂಕಿ ಗುಮಾಸ್ತನದು.
ಗೀರು ಇಪ್ಪತ್ತಮೂರು. ಅಂಕಿ ಹತ್ತೊಂಬತ್ತು.

ರಾತ್ರಿ ಎರಡಕ್ಕೆ ದೋಣಿ ಬಂದರೆ ಸೈರನ್ನು.
ಒಂದೊಂದು ಕಾರ್ಖಾನೆಗೆ ಒಂದೊಂದು ದನಿ,
ನಮ್ಮದು ಕೆಮ್ಮಿದ ಹಾಗೆ.
ಕೂಸಿನ ಬಾಯಿಂದ ಮೊಲೆ ಬಿಡಿಸಿ ಓಡುತ್ತಿದ್ದಳು.
ನಾಲ್ಕು ಬುಟ್ಟಿ, ಎಂದಳು ದಿಯೊಲಿಂದಾ
ಆರ್ಕಿಟೆಕ್ಟಿನ ಕಡೆ ತಿರುಗಿ,
ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದಾಗ
ಕೇಳುತ್ತಾರಲ್ಲ, ಅಷ್ಟೇ ದನಿಯಲ್ಲಿ.

ಹುಡುಗಿ ಪೆನ್ನು ತೆಗೆದಳು. ಏನು ಬರೆಯಬೇಕೆಂದು
ತಿಳಿಯಲಿಲ್ಲವೇನೋ, ಮತ್ತೆ ಮುಚ್ಚಿದಳು.

ಗಾಜು ಬಂತು. ಕೆಳಗೆ ನಾಲ್ಕು ಬೆರಳು ಸಂದು ಬಿಡಲೇಬೇಕು,
ಉಸಿರಾಡಲಿ ಎಂದು ನಾನು ಜಗಳವಾಡಿದ್ದೆ.
ಫಲಕವೂ ಬಂತು, ಎರಡು ಭಾಷೆಯಲ್ಲಿ.
ಎರಡರಲ್ಲೂ ಲೆಕ್ಕದ ಮಾತಿಲ್ಲ.
ಕಾಫಿಗೆ ನಾಲ್ಕು ಯೂರೊ ಇಪ್ಪತ್ತು.
ಜನ ಕಪ್ಪು ಹಿಡಿದು ನಿಂತು ನೋಡುತ್ತಾರೆ,
ಚೆಂದ ಅನ್ನುತ್ತಾರೆ, ಚೆಂದವೂ ಹೌದು.
ಯಾರೂ ಕೂಡಿಸುವುದಿಲ್ಲ.

ಮೊದಲ ಚಳಿಗಾಲಕ್ಕೇ ಗೋಡೆ ಉಪ್ಪು ಕಾರಿತು,
ಗೀರಿನ ಮೇಲೂ, ಅಂಕಿಯ ಮೇಲೂ,
ತಾರತಮ್ಯ ಗೊತ್ತಿಲ್ಲ ಅದಕ್ಕೆ.
ತಿಂಗಳಿಗೊಮ್ಮೆ ನನ್ನನ್ನು ಕರೆಸುತ್ತಾರೆ.
ಗಾಜು ಸರಿಸಿ, ಒಣ ಕುಂಚದಲ್ಲಿ ಗುಡಿಸುತ್ತೇನೆ,
ಇಪ್ಪತ್ತಮೂರಕ್ಕೂ ಒಂದೊಂದು ಸಲ ಕೈಯಾಡಿಸಿ.

ಬಿಲ್ಲಿನಲ್ಲಿ ಬರೆಯುತ್ತೇನೆ: ಉಪ್ಪು ತೆಗೆದದ್ದು, ನಾಲ್ಕು ಗಂಟೆ.
ಎರಡು ಗಂಟೆಯ ಕೆಲಸ ಅದು.
ಉಳಿದದ್ದರಲ್ಲಿ ಓಣಿಯಾಚೆ ಮೀನು ಒಯ್ಯುತ್ತೇನೆ,
ಹಸಿ ಮೀನು.
ಡಬ್ಬಿಯದನ್ನು ದಿಯೊಲಿಂದಾ ಮುಟ್ಟುವುದಿಲ್ಲ.