ತಳದ ಬಿಸ್ಕತ್ತು

ಟೀಯಲ್ಲಿ ಬಿಸ್ಕತ್ತು ಅದ್ದುವುದು
ಹದಿನೇಳು ವರ್ಷವಾದರೂ ಇವಳಿಗೆ ಬರಲಿಲ್ಲ.
ಒಂದು, ಎರಡು ಎಣಿಸುತ್ತಾಳೆ,
ಮೂರಕ್ಕೆ ಮುರಿದು ಬೀಳುತ್ತದೆ.
"ಹೋಯ್ತು" ಅನ್ನುತ್ತಾಳೆ,
ಅರಸೀಕೆರೆ ಸ್ಟೇಷನ್ನಿನ ಟಿಕೇಟು ಕಿಂಡಿಯಲ್ಲಿ ಕೂತು
ತಡವಾಗಿ ಓಡಿಬಂದವರಿಗೆ ಹೇಳುವ ದನಿಯಲ್ಲೇ.
ಆಮೇಲೆ ಲೋಟದ ತಳಕ್ಕೆ ಚಮಚ ಇಳಿಸಿ
ಆ ಕೆಸರನ್ನು ಕೆರೆದು ತಿನ್ನುವಾಗ ನೋಡಬೇಕು,
ಕಣ್ಣು ಅರ್ಧ ಮುಚ್ಚಿರುತ್ತದೆ.

ಅದಕ್ಕೇ ಈ ಸಲ ಭ್ರಮರಾಂಬನ ಹುಟ್ಟಿದ ದಿನಕ್ಕೆ
ಕೇಕು ಬೇಡ ಅಂದೆವು, ನಾನೂ ತನ್ಮಯಿಯೂ.
ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರಕೊಂಡಿದ್ದಳು ಮಗಳು:
ಬಾಳೆಹಣ್ಣಿನ ಪುಡ್ಡಿಂಗು.
ಅಮೆರಿಕದಲ್ಲಿ ದಕ್ಷಿಣದ ಕಡೆಯವರು ಮಾಡುತ್ತಾರಂತೆ.
"ದಕ್ಷಿಣ ಅಂದ್ರೆ ನಮ್ಮ ಥರಾನೇನಪ್ಪ?"
ಇರಬೇಕು ಕಣೆ,
ಎಲ್ಲ ದೇಶಕ್ಕೂ ಒಂದೊಂದು ದಕ್ಷಿಣ ಇರುತ್ತದೆ.

ಮೂರು ಮೊಟ್ಟೆಯ ಹಳದಿ ಅಂತಿತ್ತು.
ನಮ್ಮ ಹೊಸಿಲನ್ನು ಮೊಟ್ಟೆ ದಾಟಿದ್ದಿಲ್ಲ.
ಕಸ್ಟರ್ಡ್ ಪುಡಿಯ ಡಬ್ಬಿ
ಆ ಹುದ್ದೆಯ ಪ್ರಭಾರ ವಹಿಸಿಕೊಂಡಿತು.
ಏಲಕ್ಕಿ ಬಾಳೆ ತರಹೊರಟರೆ
ಅಂಗಡಿಯ ಮಸ್ತಾನಣ್ಣ ಬಿಡಲಿಲ್ಲ:
"ಹಾಲಿಗೆ ಬೀಳೋದಾದ್ರೆ ಪಚ್ಚಬಾಳೆ ತಗೊಳ್ಳಿ, ಹುಳಿ ಕಮ್ಮಿ."

ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಹೆದರದ ಕೈ
ಗಂಟು ಕಟ್ಟುವ ಕಸ್ಟರ್ಡಿಗೆ ಹೆದರಿತು.
ಕೈ ಬಿಟ್ಟರೆ ತಳ ಹಿಡಿಯುತ್ತದೆ,
ತಿರುವಿದೆ, ತಿರುವಿದೆ,
ಸೌಟಿನ ಹಿಂದೆ ಗೆರೆ ನಿಲ್ಲುವವರೆಗೂ.

ಬಿಸ್ಕತ್ತು, ಅದರ ಮೇಲೆ ಬಾಳೆಯ ಬಿಲ್ಲೆ,
ಅದರ ಮೇಲೆ ಬಿಸಿಬಿಸಿ ಹಳದಿ,
ಮತ್ತೆ ಬಿಸ್ಕತ್ತು.
ಕಂಬದ ಮೇಲಿನ ಪಿಂಗಾಣಿ ತಟ್ಟೆಗಳ ಸಾಲು ನೆನಪಾಯಿತು ನನಗೆ,
ಮಗಳಿಗೆ ಹೇಳಲಿಲ್ಲ.
ಗಾಜಿನ ಬೋಗುಣಿ ಇಲ್ಲ ನಮ್ಮಲ್ಲಿ,
ಚಕ್ಕುಲಿಯ ಸ್ಟೀಲ್ ಡಬ್ಬವೇ ಗತಿ.
"ಪದರ ಯಾರಿಗೂ ಕಾಣಲ್ಲಪ್ಪ" ಮುಖ ಸಣ್ಣ ಮಾಡಿದಳು.
ವೈರಿನೊಳಗಿನ ಕರೆಂಟು ಕಾಣುತ್ತಾ? ಅಂದೆ.

ಐದಕ್ಕೆ ಫ್ರಿಜ್ಜಿಗೆ ಇಟ್ಟೆವು. ನಾಲ್ಕು ಗಂಟೆ ಇರಬೇಕು.
ಐದೂಮುಕ್ಕಾಲಿಗೆ
ಫ್ರಿಜ್ಜು ಒಂದು ಸಲ ನಡುಗಿ ಸುಮ್ಮನಾಯಿತು.

ಫೋನು ಬಂತು. "ರುದ್ರಮುನಿ, ಹುಳಿಯಾರು ರಸ್ತೆ ಫೀಡರು."
"ನಾನು ರಜೆ ಸಾರ್, ಇವತ್ತು..."
ಅನ್ನುತ್ತ ಅನ್ನುತ್ತ ಫ್ರಿಜ್ಜಿನ ಮುಖ ನೋಡಿದೆ.
"ಬಂದೆ ಸಾರ್."
"ಬಾಗಿಲು ತೆಗೀಬೇಡ" ಮಗಳಿಗೆ ಹೇಳಿದೆ.
ಅವಳು ಕುರ್ಚಿ ಎಳೆದು
ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಕೊಬ್ಬರಿ ಗೋದಾಮಿನ ಹಿಂದಿನ ಕಂಬ, ಸುಟ್ಟ ಜಂಪರು.
ಲೈನ್ ಕ್ಲಿಯರ್ ಸಿಕ್ಕಿತು, ಅರ್ಥ್ ಹಾಕಿ ಹತ್ತಿದೆ.
ಮೇಲಿಂದ ಊರೆಲ್ಲ ಕಪ್ಪು,
ಸ್ಟೇಷನ್ನೊಂದೇ ಬೆಳಗುತ್ತಿತ್ತು.
ಆ ಬೆಳಕಿನ ಯಾವುದೋ ಒಂದು ಚೌಕದಲ್ಲಿ
ಇವಳು ಚಿಲ್ಲರೆ ಎಣಿಸುತ್ತಿದ್ದಾಳೆ.
ಕೆಳಗಿಂದ ಯಾರೋ ಕೂಗಿದರು, "ಎಷ್ಟೊತ್ತಾಗುತ್ತಣ್ಣ?"
"ಕಸ್ಟರ್ಡು ಗಟ್ಟಿಯಾಗೋವಷ್ಟು" ಅಂದುಬಿಟ್ಟೆ.
"ಏನಂತೆ?" "ಗೊತ್ತಾಗ್ಲಿಲ್ಲ, ಏನೋ ಪಾರ್ಟು ಬೇಕಂತೆ."

ಏಳೂವರೆಗೆ ಬೀದಿ ಬೀದಿ ಹತ್ತಿಕೊಂಡು ಬಂತು.
ನನ್ನ ಕಿವಿಗೆ ಮಾತ್ರ, ಮುಕ್ಕಾಲು ಮೈಲಿ ದೂರದಿಂದ,
ನಮ್ಮನೆ ಫ್ರಿಜ್ಜಿನ ಗುಂಯ್.

ಹತ್ತೂವರೆಗೆ ಬಂದಳು, ಚಪ್ಪಲಿ ಬಿಟ್ಟಳು.
ಡಬ್ಬದ ಮುಚ್ಚಳ ತೆಗೆದರೆ
ಮೇಲಿನ ಬಾಳೆಯೆಲ್ಲ ಅಂಚಿಗೆ ಕಂದು ತಿರುಗಿ,
ನಡುವೆ ಸ್ವಲ್ಪ ತಗ್ಗು.
ತನ್ಮಯಿಯ ಗಂಟಲು ಉಬ್ಬಿತು.
ಇವಳು ಮೇಲೆ ನೋಡಲೇ ಇಲ್ಲ.
ಅಭ್ಯಾಸಬಲ, ಚಮಚ ಸೀದಾ ತಳಕ್ಕೆ ಇಳಿಯಿತು,
ಕೆರೆದು ಮೇಲೆ ಬಂತು
ಮೆತ್ತಗಾದ ಬಿಸ್ಕತ್ತು.

ಕಣ್ಣು ಅರ್ಧ ಮುಚ್ಚಿತು.

"ಬಿದ್ದಿದ್ದಲ್ಲಮ್ಮ" ಮಗಳು ಅಂದಳು,
"ನಾವೇ ಮುಳುಗಿಸಿದ್ದು."

ನಾನೂ ಒಂದು ಚಮಚ ಹುಡುಕಿದೆ.
"ಕೈಯೆಲ್ಲ ಗ್ರೀಸು, ಮೊದ್ಲು ತೊಳ್ಕೊಂಡು ಬನ್ನಿ."
ತೊಳೆದು ಬರುವಷ್ಟರಲ್ಲಿ
ಡಬ್ಬದ ಒಂದು ಮೂಲೆಯಲ್ಲಿ
ಸ್ಟೀಲು ಕಾಣುತ್ತಿತ್ತು.