ಎಂಬತ್ತೈದು ಸಾವಿರಕ್ಕೆ

ಗಾಜಿನ ಮೂಲೆಗೆ ಅಂಟಿಸಿದ ಚೀಟಿ
ಬಿಸಿಲಿಗೆ ಸುರುಟಿ, ಅರ್ಧ ಮಸಿ ಹಾರಿ,
ಆದರೂ ಹಟ ಬಿಡದೆ ಹೇಳುತ್ತದೆ:
ಮುಂದಿನ ಆಯಿಲ್, ಒಂದು ಲಕ್ಷ ಎಂಬತ್ತೈದು ಸಾವಿರಕ್ಕೆ.
ಇನ್ನು ಮುನ್ನೂರ ಎಂಬತ್ತೆಂಟು ಕಿಲೋಮೀಟರು.

ರೂವಿಯಿಂದ ಸೀಬಿನ ಶಾಲೆಗೆ ಹೋಗಿ ಬಂದರೆ ದಿನಕ್ಕೆ ಎಂಬತ್ತು.
ಮಕ್ಕಳು ಬರುವ ಮೊದಲು
ಲ್ಯಾಬಿನ ಬೋರ್ಡಿನ ಮೇಲೆ ಲೆಕ್ಕ ಹಾಕಿ ಒರೆಸಿದೆ:
ಗುರುವಾರ ಸಂಜೆ,
ಮನೆಗೆ ಹನ್ನೆರಡು ಕಿಲೋಮೀಟರು ಇರುವಾಗ
ಅಂಕಿ ಮಗುಚುತ್ತದೆ.
ಎಂಜಿನ್ನಿಗೆ ಇದೇನೂ ಗೊತ್ತಿಲ್ಲ.
ಇದು ಚೀಟಿಗೂ ನನಗೂ ನಡುವಿನ ವ್ಯವಹಾರ.

"ಏಜೆನ್ಸಿಗೇ ಕೊಡು" ಎನ್ನುತ್ತಾಳೆ
ಸ್ಕೂಲ್ ಬಸ್ಸಿನ ಲೆಕ್ಕ ಬರೆಯುವ ವಾರಿಜಕ್ಕ,
"ಪುಸ್ತಕದಲ್ಲಿ ಸೀಲು ಬೀಳ್ತದೆ, ನಾಳೆ ಮಾರುವಾಗ ಬೆಲೆ."
ಹೌದು, ಅಲ್ಲಿ ಏಸಿ ಕೋಣೆ, ಕಾಗದದ ಲೋಟದಲ್ಲಿ ಕಾಫಿ,
ಗಾಜಿನಾಚೆ ಕೈಗವಸು ತೊಟ್ಟ ಹುಡುಗರು.
ನಲವತ್ತೆರಡು ರಿಯಾಲ್.
ಅದರ ಹಿಂದೆಯೇ ನಗುನಗುತ್ತಾ ಒಂದು ಪಟ್ಟಿ:
ಬ್ರೇಕ್ ಪ್ಯಾಡು ಸವೆದಿದೆ ಮೇಡಂ, ಫಿಲ್ಟರು ಕೊಳೆಯಾಗಿದೆ,
ವೈಪರು ಬದಲಾಯಿಸಬೇಕು.
ವೈಪರು!
ಫೆಬ್ರವರಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ
ಎನ್ನುವ ಮಳೆಗೆ ಏಳು ರಿಯಾಲಿನ ವೈಪರು.

ವಾದಿ ಕಬೀರಿನ ಇದಿನಬ್ಬನಲ್ಲಿ ಹದಿನಾಲ್ಕು.
ಆದರೆ ಅವನ ಷಟರಿಗೆ ಅವನದೇ ಪಂಚಾಂಗ:
ಶುಕ್ರವಾರ ನಮಾಜು ಮುಗಿದು, ಊಟ ಮುಗಿದು,
ಒಂದು ನಿದ್ದೆಯೂ ಮುಗಿದು ಮೇಲೇಳಬೇಕು.
ಶನಿವಾರ ಟ್ಯಾಕ್ಸಿಗಳ ಸಾಲು.
ಹಿಂದಿನ ಸಲ ಕಡ್ಡಿ ಅದ್ದಿ, ಪ್ಯಾಂಟಿನ ಮೊಣಕಾಲಿಗೆ ಒರೆಸಿ, ಮತ್ತೆ ಅದ್ದಿ,
"ಇನ್ನೂ ಸಾವಿರ ಓಡ್ತದೆ, ಎಂತ ಗಡಿಬಿಡಿ ಟೀಚರೇ" ಎಂದು ವಾಪಸು ಕಳಿಸಿದ್ದ.
(ನಾನು ಟೀಚರಲ್ಲ, ಲ್ಯಾಬಿನವಳು. ಎಷ್ಟು ಸಲ ಹೇಳಿದರೂ ಅಷ್ಟೆ.)
ತನಗೇ ನಷ್ಟವಾಗುವ ಮಾತು ಆಡುವವನ ಮೇಲೆ
ನಂಬಿಕೆ ಹುಟ್ಟುತ್ತದೆ. ಸ್ವಲ್ಪ ಅನುಮಾನವೂ.

ಗಾಡಿಯ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಎನ್ನುತ್ತಾರೆ.
ಬಂದ ಹೊಸತರಲ್ಲಿ ಪೊಲೀಸು ಕಿಟಕಿಗೆ ಬಗ್ಗಿ
"ಮುಲ್ಕಿಯಾ?" ಎಂದು ಕೇಳಿದಾಗ
"ಅಲ್ಲ, ಪಡುಬಿದ್ರಿ" ಎಂದಿದ್ದೆ.
ಅದು ನವೆಂಬರಿಗೆ ಮುಗಿಯುತ್ತದೆ.
ನನ್ನ ವೀಸಾ ಜನವರಿಗೆ.
ಶಾಲೆಯವರು ಈ ಸಲ ಏನೂ ಹೇಳಿಲ್ಲ,
ಆಫೀಸಿನ ಮುಂದೆ ಹಾಯುವಾಗ ನಾನೂ ಕೇಳುವುದಿಲ್ಲ.

ರಾತ್ರಿ ಲೆಕ್ಕ ಎಲ್ಲಿಗೋ ಹೋಗುತ್ತದೆ:
ವಾಟರ್ ಪಂಪು ಸಣ್ಣಗೆ ಸೋರುತ್ತಿದೆ, ಅರವತ್ತು ರಿಯಾಲ್;
ಹಾಕಿಸಿದರೆ ಅದರ ತಂಪು ಯಾರಿಗೆ?
ಮುಂದೆ ಇದನ್ನು ಓಡಿಸುವವನು
ನನ್ನ ಹೆಸರನ್ನು ಮುಲ್ಕಿಯಾದಲ್ಲಿ ಒಮ್ಮೆ ನೋಡಿ ಮರೆಯುವವನು.

ಗುರುವಾರ ಸಂಜೆ ಕುರುಮ್ ಇಳಿಜಾರಿನಲ್ಲಿ ಅಂಕಿ ಮಗುಚಿತು.
ಏನೂ ಆಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.
ಮನೆಯ ತಿರುವು ಬಿಟ್ಟು ನೇರ ಹೋದೆ.

ಇದಿನಬ್ಬ ಕಾರಿನಡಿಯಿಂದಲೇ ಕೇಳಿದ:
"ಐದು ಸಾವಿರದ್ದು ಹಾಕುವುದಾ, ಹತ್ತು ಸಾವಿರದ್ದಾ?
ಹತ್ತರದ್ದಕ್ಕೆ ಆರು ರಿಯಾಲ್ ಜಾಸ್ತಿ."
ಐದಾದರೆ ಜನವರಿಯವರೆಗೆ,
ಹೆಚ್ಚುಕಡಿಮೆ ಸರಿಯಾಗಿ.
ಹಳೆಯ ಎಣ್ಣೆ ಕಪ್ಪು ನೂಲಿನಂತೆ ತಟ್ಟೆಗೆ ಇಳಿಯುತ್ತಿತ್ತು,
ನೂಲು ಹರಿದು ಹನಿಯಾಯಿತು.
"ಹನಿ ನಿಲ್ಲಲಿ" ಎಂದ, "ಅರ್ಜೆಂಟ್ ಮಾಡಿದರೆ ಕೊಳೆ ಒಳಗೇ ಉಳೀತದೆ."

ಸ್ಟೂಲಿನ ಮೇಲೆ ಕೂತೆ. ಸುಲೈಮಾನಿ ಬಂತು, ಸಕ್ಕರೆ ಜಾಸ್ತಿ.
ಹನಿಗಳ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು.

"ಹತ್ತು" ಎಂದೆ.
ಆಮೇಲೆ, ಆರು ರಿಯಾಲಿಗೆ ಹೊಟ್ಟೆ ಉರಿಯುತ್ತಿರುವಾಗಲೇ,
ವೈಪರಿನ ರಬ್ಬರು ಇದೆಯಾ ಎಂದು ಕೇಳಿದೆ.