ಅರ್ಧಾಯುಷ್ಯ

ಆ ಏಪ್ರಿಲ್ ಕೊನೆಯ ಮಳೆಗೆ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ.
ನಾರ್ವೆಯ ನಮ್ಮ ಬೆಟ್ಟದ ಮೇಲೆ ಅರ್ಧ ದಿನ ಸುರಿದು
ಸುಮ್ಮನೆ ಹೋಯಿತು.
ಕಲ್ಲುಹೂವಿಗೆ ಬೇರಿಲ್ಲ, ಮಳೆಯನ್ನೇ ಉಂಡು ಬದುಕುವುದು,
ಬಂದದ್ದನ್ನೆಲ್ಲ ಇಟ್ಟುಕೊಂಡಿತು.
ಕಲ್ಲುಹೂವು ಮೇಯ್ದ ಹಿಮಸಾರಂಗವೂ ಇಟ್ಟುಕೊಂಡಿತು.
ಸಾರಂಗ ತಿನ್ನುವವರು ನಾವು.

ಮೊದಲ ವರ್ಷದ ಮಾಂಸಕ್ಕೆ ನೀಲಿ ಬಣ್ಣ ಎರಚಿ
ನರಿ ಸಾಕುವವರಿಗೆ ಲಾರಿಯಲ್ಲಿ ಕಳಿಸಿದರು.
ಎರಡನೆಯ ವರ್ಷ ದೊಡ್ಡಿಗೆ
ಮೀಟರು ಹಿಡಿದ ಹುಡುಗ ಬಂದ, ಓಡ್‌ವಾರ್ ಅಂತ.
ಕೋಡು ಹಿಡಿದು ಕೆಡವಿದ ಪ್ರಾಣಿಯ ತೊಡೆಗೆ
ಕೊಳವೆ ಒತ್ತಿ ಕೂಗುವನು, ಹರಾಜಿನವನ ಹಾಗೆ:
"ನಲವತ್ತೆಂಟು ಸಾವಿರ!"
ಮಿತಿ ಆರು ಸಾವಿರ.

ಲೆಕ್ಕದಲ್ಲಿ ಜಾಣೆ ಎಂದು
ಅಪ್ಪ ನೋಟುಬುಕ್ಕು ನನ್ನ ಕೈಗೆ ಕೊಟ್ಟಿದ್ದ.
ಬರೆದುಕೊಂಡೆ: ಶುದ್ಧ ಮೇವು ಹಾಕಿದರೆ
ಮೈಯೊಳಗಿನದು ಮೂರು ವಾರಕ್ಕೆ ಅರ್ಧ.
ಮತ್ತೆ ಮೂರು ವಾರಕ್ಕೆ ಉಳಿದದ್ದರ ಅರ್ಧ.
ಅಪ್ಪನಿಗೆ ಇದೇ ಬಗೆಹರಿಯಲಿಲ್ಲ.
"ಮೂರಕ್ಕೆ ಅರ್ಧ ಹೋದರೆ ಆರಕ್ಕೆ ಪೂರ್ತಿ ಹೋಗಬೇಕಲ್ಲ?"
ಒಲೆಯಿಂದ ಇಳಿಸಿದ ಕಾಫಿ ಆರುವುದು ನೋಡಪ್ಪ,
ಮೊದಲು ಭರಾಟೆ, ಆಮೇಲೆ ಮೈಗಳ್ಳತನ.
ನಲವತ್ತೆಂಟು, ಇಪ್ಪತ್ತನಾಲ್ಕು, ಹನ್ನೆರಡು, ಆರು.
ಮೂರು ಸಲ ಅರ್ಧ. ಮೂರ್ಮೂರ್ಲ ಒಂಬತ್ತು ವಾರ.
ಕೊಟ್ಟಿಗೆಯಲ್ಲಿ ಮೇವಿದ್ದದ್ದು ಆರು ವಾರಕ್ಕೆ.

ಅಪ್ಪ ಬಹಳ ಹೊತ್ತು ಬೇಲಿಗೊರಗಿ ನಿಂತ.
ಆಮೇಲೆ ಹಿಂಡನ್ನು ಮೂರು ಪಾಲು ಮಾಡಿದ.
ಎರಡು ಪಾಲಿಗೆ ಅದೇ ಮೇವು ಒಂಬತ್ತು ವಾರ ಬರುತ್ತದೆ.
ಮೂರನೆಯ ಪಾಲಿಗೆ ಗೇಟು ತೆರೆದು
ಬೆಟ್ಟದ ಕಡೆ ಶಿಳ್ಳೆ ಹಾಕಿದ.
ಅದು ಅವನ ಲೆಕ್ಕ. ನನ್ನ ಪುಸ್ತಕದಲ್ಲಿ ಇರಲಿಲ್ಲ.

ಬೆಟ್ಟದ ಗಡಿಯಾರವೇ ಬೇರೆ.
ನೆಲ ಹಿಡಿದು ಕೂತ ಸೀಸಿಯಂಗೆ ಅರ್ಧಾಯುಷ್ಯ ಮೂವತ್ತು ವರ್ಷ.
ಅಜ್ಜಿಗೆ ಹೇಳಿದೆ. ನಮ್ಮಲ್ಲಿ ಅಜ್ಜಿಯನ್ನು ಆಹ್ಕಾ ಅನ್ನುತ್ತೇವೆ.
ಎಪ್ಪತ್ತೊಂಬತ್ತರ ಆಹ್ಕಾ ಒಣಮಾಂಸದ ಎಳೆ ಸೀಳುತ್ತ,
"ಅದಕ್ಕೆ ಪುರಸೊತ್ತಿದೆ, ನನಗಿಲ್ಲ" ಅಂದಳು.
ಬಾಯಿಗಿಟ್ಟುಕೊಂಡಳು.

ನಾನು ಗೆರೆ ಎಳೆದೆ.
ಚೌಕುಳಿ ಹಾಳೆಯ ಮೇಲೆ ಅದೆಷ್ಟು ಚಂದ ಇಳಿಯುತ್ತಿತ್ತು,
ಜಾರುಬಂಡಿಯ ಜಾಡಿನ ಹಾಗೆ!
ಅರ್ಧ, ಕಾಲು, ಅರೆಕಾಲು, ವೀಸ,
ಅರೆವೀಸ, ಕಾಣಿ.
ಕಾಣಿಯಾಗಿ, ಕಾಣದಾಗಿ,
ಆಮೇಲೂ ಇರುವುದು.
ಸೊನ್ನೆ ಎಂಬ ಊರಿಗೆ ಹೊರಟು
ಊರು ಮುಟ್ಟದ ದಾರಿ.

ಗೆರೆಗೆ ಅಣಬೆ ಗೊತ್ತಿರಲಿಲ್ಲ.
ಒಂದು ಸೆಪ್ಟೆಂಬರು ಕಾಡಿಡೀ ಅಣಬೆ ಎದ್ದವು,
ಹಿಂಡು ಮುಗಿಬಿದ್ದು ತಿಂದಿತು;
ತೊಲಗಿತು ಅಂದುಕೊಂಡಿದ್ದ ಅಂಕಿ
ಮತ್ತೆ ಓಡ್‌ವಾರನ ಬಾಯಿಗೆ ಬಂತು.
ಗೆರೆ ತಪ್ಪಲ್ಲ, ಅಂದರು ಮಾಸ್ತರು.
ಅಣಬೆಯೂ ತಪ್ಪಲ್ಲ, ಅಂದೆ.

ಮೊನ್ನೆ ಏಪ್ರಿಲ್‌ಗೆ ಮೂವತ್ತು ವರ್ಷ ತುಂಬಿತು.
ಬೆಟ್ಟ ಅರ್ಧ ತೊಳೆದುಕೊಂಡಿದೆ.
ಮಳೆ ಬಂದಾಗ ಹದಿನಾಲ್ಕಿದ್ದೆ,
ಇನ್ನೊಂದು ಅರ್ಧಕ್ಕೆ ಎಪ್ಪತ್ತನಾಲ್ಕು.
ಈಗ ಮೀಟರು ಹಿಡಿಯುವವಳು ಕಿವಿಗೆ ಹಾಡು ಸಿಕ್ಕಿಸಿಕೊಂಡೇ ಬರುತ್ತಾಳೆ,
ಕೂಗುವುದಿಲ್ಲ, ಬೆರಳೆತ್ತುತ್ತಾಳೆ: ಆಯಿತು, ಮುಂದಿನದು.

ಯಾರಿಗೂ ತೋರಿಸದ ಗೆರೆ ಒಂದಿದೆ, ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ.
ಸಾರಂಗದ ಬಣ್ಣಕ್ಕೆ, ಕೋಡಿಗೆ, ನಡಿಗೆಗೆ
ಆಹ್ಕಾಗೆ ಬರುತ್ತಿದ್ದ ಹೆಸರು ಇನ್ನೂರು.
ಅಪ್ಪನಿಗೆ ನೂರರ ಹತ್ತಿರ.
ನನಗೆ ನಲವತ್ತೇಳು, ಎಣಿಸಿದ್ದೇನೆ.
ಮಗನ ಚುಕ್ಕೆ ಇಡಲು ಪೆನ್ಸಿಲು ಎತ್ತಿದವಳು
ಎಷ್ಟೋ ಸಲ ಕೆಳಗಿಟ್ಟಿದ್ದೇನೆ.

ನಿನ್ನೆ ದೊಡ್ಡಿಯಲ್ಲಿ ಲಾರಾ,
ಬಾಯಲ್ಲಿ ಹಗ್ಗ ಕಚ್ಚಿಕೊಂಡು,
ಒಂದು ಕೋಡು ಹಿಂದಕ್ಕೆ ಬಾಗಿದ ಹೆಣ್ಣು ಸಾರಂಗ ತೋರಿಸಿ
ಏನೋ ಅಂದ.
ಏನಂದೆ? ಹಗ್ಗ ತೆಗೆದು ಮತ್ತೆ ಹೇಳಿದ.
ನಾನು ಕೇಳೇ ಇಲ್ಲದ ಹೆಸರು.
ಯಾರು ಕಲಿಸಿದರೋ?
ಕಣಿವೆಯಾಚೆಯ ಮುದುಕಿಯಂತೆ, ಮೈಯಾ ಅಂತೆ,
ಮೀನು ಕೊಡಲು ಹೋದಾಗ ಹೇಳಿದಳಂತೆ.

ಕೈ ಒರೆಸಿಕೊಂಡು ಒಳಗೆ ಬಂದೆ.
ಪುಸ್ತಕ ತೆಗೆದೆ.
ನಲವತ್ತೇಳನ್ನು ಹೊಡೆದುಹಾಕಿ
ಪಕ್ಕಕ್ಕೆ ಬರೆದೆ,
ನಲವತ್ತೆಂಟು.